ಅಕ್ಕನ ದನಿ, ನನ್ನ ದನಿಯ ಹಿಂದೆ

ನನ್ನ ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಒಲೆ ಬೇರೆಯಾದ ದಿನ ಸಿಟ್ಟಿನ ಭರದಲ್ಲಿ ಅವಳ ಮಕ್ಕಳು ತಿಂದ ರೊಟ್ಟಿ ಎಣಿಸಿ ಆಡಿಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಅವಳು ಆಗಲೇ ಎದ್ದು ಹೋಗಿದ್ದಳು. ಮನೆಯ ನಡುವೆ ಗೋಡೆ ಎದ್ದಿತು, ಮಾತು ನಿಂತಿತು.

ಆದರೂ ಸೋಮವಾರ ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹೆಂಗಸರ ಭಜನೆಗೆ ಇಬ್ಬರೂ ಹೋಗುತ್ತಿದ್ದೆವು. ಅವಳು ಹಾಡು ಎತ್ತಿಕೊಡುವವಳು, ನಾವು ಏಳೆಂಟು ಮಂದಿ ಹಿಂದೆ ಹೇಳುವವರು. ಅವಳು ಬಿಟ್ಟ ಸಾಲನ್ನು ನಾನು ಹಿಡಿಯಬೇಕು. ಏಳು ವರ್ಷ ನಮ್ಮಿಬ್ಬರ ನಡುವೆ ಇದ್ದ ಮಾತುಕತೆ ಅಂದರೆ ಅದೇ.

ವಾದ್ಯ ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೊಲದ ಕೂಲಿಗೆ ಹೋಗುವವರು, ನನ್ನಂತೆ ಜಂಪರು ಹೊಲಿಯುವವರು. ಗಂಡಸರ ಮೇಳದವರು ತಮ್ಮ ತಬಲಾ ಮುಟ್ಟಗೊಡುತ್ತಿರಲಿಲ್ಲ. ಅಕ್ಕ ಮನೆಯಿಂದ ತಾಮ್ರದ ಕೊಡ ತಂದು, ಅದಕ್ಕೆ ನೀರು ಹೊಯ್ದು, ಉಂಗುರದ ಬೆರಳಿಂದ ಬಡಿದು ನೋಡಿದಳು. ನೀರು ತುಸು ಚೆಲ್ಲಿ, ಮತ್ತೆ ತುಸು ಹಾಕಿ, ಬೇಕಾದ ನಾದ ಸಿಗುವತನಕ ಬಿಡಲಿಲ್ಲ. ಖಾಲಿ ಪೌಡರ್ ಡಬ್ಬಿಗೆ ಜೋಳ ತುಂಬಿ ನಾವು ಕುಲುಕಿದೆವು.

ಹಾರ್ಮೋನಿಯಂ ಪೇಟಿ ಸಿಕ್ಕಿದ್ದು ತಾಳಿಕೋಟೆಯಲ್ಲಿ. ಅಲ್ಲಿ ಸ್ಟೋವ್ ರಿಪೇರಿ ಮಾಡುವ ಒಬ್ಬ ಮುಸಲ್ಮಾನ ಹಿರಿಯರಿದ್ದರು. ಅವರ ಹೆಂಡತಿಯ ಬಟ್ಟೆ ನಾನೇ ಹೊಲಿಯುತ್ತಿದ್ದೆ. ಹರೆಯದಲ್ಲಿ ನಾಟಕಕ್ಕೆ ಪೇಟಿ ನುಡಿಸುತ್ತಿದ್ದರಂತೆ, ಎಲ್ಲರೂ ಮಾಸ್ತರ್ ಅನ್ನುತ್ತಿದ್ದರು. ನಮ್ಮ ಕೊಡದ ಸುದ್ದಿ ಕೇಳಿ ನಕ್ಕು, "ನನ್ನ ಪೇಟಿ ಅಟ್ಟದ ಮ್ಯಾಲ ಧೂಳ ತಿನ್ನಾಕತ್ತೈತಿ, ಒಯ್ಯವಾ ತಂಗಿ. ಆದ್ರ ಎರಡು ಸ್ವರ ಸತ್ತಾವ ನೋಡು" ಎಂದರು.

ಪೇಟಿಗೆ ಗಾಳಿ ಊದುವ ತಿದಿ ಹರಿದಿತ್ತು, ಅದಕ್ಕೆ ನಾನು ಹಳೆಯ ಕೊಡೆಯ ಬಟ್ಟೆ ಹಚ್ಚಿ ಹೊಲಿದೆ. ಸತ್ತ ಸ್ವರಗಳಿಗೆ ಮಾಸ್ತರರಲ್ಲೂ ಉಪಾಯವಿರಲಿಲ್ಲ. ಉಪಾಯ ಮಾಡಿದವಳು ಅಕ್ಕ. ಆ ಎರಡು ಸ್ವರ ಎಲ್ಲೂ ಬಾರದಂತೆ ತಾನೇ ಐದು ಭಜನೆ ಪದ ಕಟ್ಟಿದಳು. ಮಾಸ್ತರರು ಸೋಮವಾರ ಬಸ್ಸು ಹತ್ತಿ ಬಂದು ನುಡಿಸಿ ಹೋಗುತ್ತಿದ್ದರು. "ಹಾಡು ಕೇಳಿದ್ರ ಪೇಟಿ ಕೆಟ್ಟೈತಿ ಅಂತ ಯಾರೂ ಅನ್ನೂದಿಲ್ಲ" ಎಂದು ಅವರು ಎಲ್ಲರ ಮುಂದೆ ಹೇಳುವರು. ಅಕ್ಕ ತಲೆ ತಗ್ಗಿಸುವಳು.

ಹೋದ ವರ್ಷ ಅಕ್ಕನ ಗಂಟಲಲ್ಲಿ ಗಂಟು ಕಾಣಿಸಿತು. ವಿಜಯಪುರದ ಡಾಕ್ಟರು ಆಪರೇಷನ್ ಆಗಲೇಬೇಕು, ದನಿ ಮೊದಲಿನಂತೆ ಉಳಿದೀತೆಂದು ಹೇಳಲಾಗದು ಎಂದು ಮೊದಲೇ ತಿಳಿಸಿದರಂತೆ. ಮಾಸ್ತರರು ನೇರ ನನ್ನ ಮನೆಗೆ ಬಂದರು. "ತಂಗಿ, ಆಕಿ ಹೋಗೂದಕ್ಕಿಂತ ಮೊದಲ ಆಕಿ ದನಿ ಹಿಡದಿಡೂಣ."

ನಮ್ಮ ಕಾಳಿನ ಕೋಣೆ ಆರಿಸಿದೆವು. ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಓಣಿಯವರು ಹೊದೆಯುವ ಕೌದಿಗಳನ್ನೆಲ್ಲ ತಂದು ನಾಲ್ಕೂ ಕಡೆ ಇಳಿಬಿಟ್ಟೆವು. ಮಧ್ಯಾಹ್ನ ಅಕ್ಕ ಬಂದಳು. ಗೋಡೆ ಎದ್ದ ಮೇಲೆ ನನ್ನ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ಕೇಳಿದಳು:

"ಎಲ್ಲಿ ಕುಂದರ್ಲಿ?"

"ಇಲ್ಲೇ ಕುಂದ್ರ ಅಕ್ಕಾ" ಎಂದು ಕೈಯಿಂದ ನೆಲ ಒರೆಸಿದೆ.

ಹಾಡು ರೆಕಾರ್ಡ್ ಮಾಡಲು ಇಟ್ಟ ಫೋನು ನನ್ನದು. ನಡುವೆ ಯಾರಾದರೂ ಕರೆ ಮಾಡಿಯಾರೆಂದು ಅದರ ಪಕ್ಕದಲ್ಲೇ ಕುಳಿತೆ. ಅಕ್ಕ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡಳು. ಅಂಥ ಹಾಡು ಅವಳು ಹಿಂದೆಂದೂ ಹಾಡಿರಲಿಲ್ಲ. ನನಗೆ ಮಾತ್ರ ಅವಳು ನನ್ನೊಡನೆ ಮಾತಾಡಿದ್ದೇ ತಲೆಯಲ್ಲಿ. ಆ ಸುಖದಲ್ಲಿ ನನ್ನ ಸರದಿ ಬರುವತನಕ ತಡೆಯದೆ, ಮೊದಲ ಸಾಲಿನಿಂದಲೇ ಅವಳ ಜೊತೆ ಗಂಟಲು ತೆರೆದು ಹಾಡಿದೆ. ಮಾಸ್ತರರು ನನ್ನತ್ತ ಒಂದೆರಡು ಸಲ ಕೈ ತಗ್ಗಿಸಿ ತೋರಿಸಿದರು. ತಾಳ ತೋರಿಸುತ್ತಿದ್ದಾರೆ ಅಂದುಕೊಂಡೆ.

ಮರುದಿನ ಬೆಳಗಿನ ಬಸ್ಸಿಗೆ ಅಕ್ಕ ಹೋದಳು. ಆಪರೇಷನ್ ಮುಗಿಯಿತೆಂದು ಸುದ್ದಿ ಬಂದ ಮೇಲೆ ಒಬ್ಬಳೇ ಕುಳಿತು ಫೋನು ಹಚ್ಚಿದೆ. ಐದು ಪದಗಳಲ್ಲೂ ನಾನೇ. ನನ್ನ ಒರಟು ದನಿ ತುಂಬಿ ನಿಂತಿತ್ತು. ಅಕ್ಕ ಆಚೆ ಮನೆಯಲ್ಲಿ ಹಾಡುತ್ತಿರುವವಳಂತೆ ಎಲ್ಲೋ ಹಿಂದೆ ಕೇಳಿದಳು, ಕೆಲವು ಕಡೆ ಅದೂ ಇಲ್ಲ. ಮಾಸ್ತರರಿಗೆ ಕೇಳಿಸಿದೆ. "ದನಿ ತಗ್ಗಸು ಅಂತ ನಾ ಕೈ ಮಾಡಿದ್ನಲ್ಲ ತಂಗಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಬದುಕಿ ಬಂದಳು. ದನಿ ಬರಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ, ಕಿವಿ ಹತ್ತಿರ ಒಯ್ದರೆ ಮಾತ್ರ ಮಾತು. ಬಂದ ಎರಡನೇ ದಿನವೇ ಕೈಸನ್ನೆಯಿಂದ ಫೋನು ಕೇಳಿದಳು. ಅಳಿಸಿ ಹೋಯಿತೆಂದು ಸುಳ್ಳು ಹೇಳಲು ನೋಡಿದೆ, ಆಗದೆ ಹಚ್ಚಿ ಕೊಟ್ಟೆ. ಅವಳು ಫೋನು ಕಿವಿಗೆ ಒತ್ತಿಕೊಂಡು ಐದೂ ಪದ ಕೇಳಿದಳು. ಮುಗಿದ ಮೇಲೂ ತೆಗೆಯಲಿಲ್ಲ. ಆಮೇಲೆ ನನ್ನನ್ನು ಹತ್ತಿರಕ್ಕೆ ಕರೆದು, "ನೀ ಭಾಳ ಛಲೋ ಹಾಡೀದಿ" ಎಂದಳು.

ಕಾಲು ಹಿಡಿದೆ. "ಅಕ್ಕಾ, ಅವತ್ತ ನಿನ್ನ ಮಕ್ಕಳ ರೊಟ್ಟಿ ಎಣಿಸಿದ್ದೂ ನಾನ, ಇವತ್ತ ನಿನ್ನ ದನಿ ಮುಚ್ಚಿದ್ದೂ ನಾನ."

"ಏಳು" ಎಂದಳು.

ಎರಡು ಸೋಮವಾರ ಗುಡಿಗೆ ಬಂದು ಕೊಡ ಬಾರಿಸಿದಳು. ಮೂರನೆಯದಕ್ಕೆ ಬರಲಿಲ್ಲ. ಕರೆಯಲು ಹೋದೆ.

"ನಾ ಬಂದ್ರ ನೀವೆಲ್ಲಾ ಸಣ್ಣ ದನಿ ತಗೀತೀರಿ" ಎಂದಳು. "ಗಟ್ಟ್ಯಾಗಿ ಹಾಡ್ರಿ. ನಾ ಮನ್ಯಾಗ ಕುಂತು ಕೇಳ್ತೇನಿ."

ನಮ್ಮ ಓಣಿಗೆ ಗುಡಿಯ ಹಾಡು ಕೇಳುವುದಿಲ್ಲ. ಅದು ಅವಳಿಗೂ ಗೊತ್ತು. ನಾನು ಹೂಂ ಎಂದು ಎದ್ದು ಬಂದೆ. ಈಗ ಹಾಡು ಎತ್ತಿಕೊಡುವವಳು ನಾನು.