ಸಂಜೆಯ ಸಾಲಿಗೆ ಬಿದ್ದ ಹೆಸರು

ಸಿದ್ರಾಕ್ ಮೇಷ್ಟ್ರಿಗೆ ಕಣ್ಣಿಲ್ಲ, ನಿಜ. ಆದರೆ ಕಣ್ಣಿಲ್ಲದವರಿಗೆಲ್ಲ ಒಳಗಣ್ಣು ಇರುತ್ತೆ ಅಂತ ಮೊದಲು ಹೇಳಿದ ಪುಣ್ಯಾತ್ಮ ಯಾರೋ, ಕೈಗೆ ಸಿಕ್ಕಿದರೆ ಹಿಡಿದು ನಾಲ್ಕು ಬಿಡಬೇಕು. ನೈಲ್ ದಂಡೆಯ ನಮ್ಮೂರಲ್ಲಿ ಆ ವರ್ಷ ಆದ ಅವಾಂತರಕ್ಕೆ ಆ ಮಾತೇ ಮೂಲ.

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ. ಚರ್ಚಿನಲ್ಲಿ ಪಾದ್ರಿಗಳು, ಅಂದರೆ ನಮ್ಮ ಅಬೂನಾ, ಪ್ರಾರ್ಥನೆ ಹೇಳಿದರೆ ಅದಕ್ಕೆ ಸ್ವರ ಹಿಡಿದು ಉತ್ತರ ಹಾಡುವವರು. ಚಿಕ್ಕಂದಿನಲ್ಲೇ ಕಣ್ಣುಬೇನೆ ಬಂದು ದೃಷ್ಟಿ ಹೋಯಿತು. ಹೊಲಕ್ಕಂತೂ ಆಗದ ಹುಡುಗ, ದೇವರಿಗಾದರೂ ಆಗಲಿ ಅಂತ ಅವರಪ್ಪ ಹಳೇ ಹಾಡುಗಾರರ ಕಾಲಬುಡದಲ್ಲಿ ತಂದು ಕೂರಿಸಿದ. ಕಂಠ ಮಾಗಿತು, ಗಡ್ಡ ನೆರೆಯಿತು, ಮದುವೆಯೊಂದು ಆಗಲಿಲ್ಲ. ಚರ್ಚಿನ ಹಿಂದಿನ ಕೋಣೆಯೇ ಮನೆ. ಊಟಕ್ಕೆ ಊರಿದೆ: ಒಂದು ಮನೆಯಿಂದ ಬಿಸಿಲಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿ, ಇನ್ನೊಂದು ಮನೆಯಿಂದ ಸೊಪ್ಪಿನ ಸಾರು, ಉಪವಾಸದ ಕಾಲದಲ್ಲಿ ಬೇಯಿಸಿದ ಕಾಳು. ಉಪ್ಪು ಕಮ್ಮಿಯಾದರೆ ಪಾತ್ರೆ ತಂದವಳ ಎದುರೇ ಹೇಳಿಬಿಡುತ್ತಿದ್ದರು, ಮುಲಾಜೇ ಇಲ್ಲ.

ಊರಿಗೆ ಅವರ ಕಂಠಕ್ಕಿಂತ ಕಿವಿ ಮುಖ್ಯವಾಗಿತ್ತು. ದೊಡ್ಡ ಊರುಗಳಲ್ಲಿ ಪ್ರಾರ್ಥನೆಗೆ ಹೆಸರು ಬರೆದು ಚೀಟಿ ಕೊಡುತ್ತಾರಂತೆ. ನಮ್ಮಲ್ಲಿ ಬರೆಯೋರು ಯಾರು? ಮೇಷ್ಟ್ರ ಕಿವಿಯಲ್ಲಿ ಉಸುರಿದರೆ ಮುಗಿಯಿತು. ಬೆಳಗಿನ ಧೂಪದ ಹೊತ್ತಿಗೆ ಕಾಯಿಲೆಯವರನ್ನೂ ದೂರ ಹೋದವರನ್ನೂ ನೆನೆಯುತ್ತೇವೆ. ಸಂಜೆಯ ಧೂಪಕ್ಕೆ ತೀರಿಕೊಂಡವರನ್ನು. ಅಬೂನಾ ಪ್ರಾರ್ಥನೆಯ ಮಧ್ಯೆ ನಿಂತಾಗ ಮೇಷ್ಟ್ರು ಆ ಹೊತ್ತಿನ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಹೇಳುವರು. ಒಂದು ಹೆಸರು ಅತ್ತಿತ್ತ ಆದದ್ದಿಲ್ಲ. ಮಸೀದಿ ಕಡೆಯ ಹಾಜಿ ಅಬ್ದುಲ್ ಆಲ್ ಕೂಡ ಎಮ್ಮೆ ಮಾರೋಕೆ ಹೋಗುವ ಮುಂಚೆ, "ಮೇಷ್ಟ್ರೇ, ನನ್ನನ್ನೂ ಒಂಚೂರು ನೆನೆಸ್ಕೊಳ್ಳಿ. ನಿಮ್ಮ ದೇವರಿಗೆ ನಮ್ಮವರ ಹೆಸರು ಕೇಳ್ಸಲ್ಲ ಅಂತೇನಿಲ್ವಲ್ಲ?" ಅಂತ ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಿದ್ದ.

ಅಷ್ಟು ಹೆಸರು ತಲೆಯಲ್ಲಿ ನಿಂತದ್ದು ಹೇಗೆ ಅಂದರೆ, ಮೇಷ್ಟ್ರು ಮನಸ್ಸಿನಲ್ಲೇ ಊರು ಸುತ್ತುತ್ತಿದ್ದರು. ನದಿಕಡೆಯ ಮೊದಲ ಮನೆಯಿಂದ ಶುರು. ಬಾಗಿಲು ತಟ್ಟಬೇಕು, ಬೆಳಿಗ್ಗೆಯಾದರೆ ಆ ಮನೆಯ ರೋಗಿ ಬಂದು ನಿಲ್ಲುತ್ತಾನೆ, ಪರದೇಶಕ್ಕೆ ಹೋದವನು ಬಂದು ನಿಲ್ಲುತ್ತಾನೆ, ಸಂಜೆಯಾದರೆ ಸತ್ತವರು. ಹೆಸರು ಹೇಳಿ, ಮುಂದಿನ ಬಾಗಿಲಿಗೆ ನಡೆಯಬೇಕು. ಹೀಗೆ ಇಡೀ ಊರನ್ನು ಹೆಗಲ ಮೇಲೆ ಹೊತ್ತು ದೇವರ ಮುಂದೆ ಇಳಿಸುತ್ತಿದ್ದೇನೆ ಅನ್ನುವುದು ಅವರ ನಂಬಿಕೆ. ಒಂದು ಹೆಸರು ಬಿಟ್ಟುಹೋದರೆ ಆ ಜೀವಕ್ಕೆ ಗತಿ ಏನು ಅನ್ನುವ ಭಯವೂ ಅದರ ಜೊತೆಗೇ ಇತ್ತು.

ಆ ವರ್ಷ ಈಸ್ಟರ್ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತಟ್ಟಿದರು, ಯಾರೂ ಬರಲಿಲ್ಲ. ಮನೆ ಗೊತ್ತು, ಅಂಗಳದ ಪಾರಿವಾಳದ ಗೂಡು ಗೊತ್ತು, ಆದರೆ ಒಳಗಿರುವವರು ಯಾರು? ಮುಂದಿನ ಮನೆಗೆ ಹೋದರು, ಯಾರಿಗೂ ತಿಳಿಯಲಿಲ್ಲ. ಆಮೇಲೆ ಹೀಗೇ ಇನ್ನೊಂದು ಬಾಗಿಲು, ಮತ್ತೊಂದು. ಮೇಷ್ಟ್ರು ನಿದ್ದೆಗೆಟ್ಟರು. ನಡುಹಗಲಲ್ಲಿ ಕೋಲು ಹಿಡಿದು ಬೀದಿಯಲ್ಲಿ ಗೋಡೆ ಸವರುತ್ತ ಹೋಗಿ, ಒಂದೊಂದು ಮನೆಯ ಮುಂದೆ ನಿಂತು ತುಟಿ ಅಲ್ಲಾಡಿಸುವರು. ನೋಡಿದವರು, "ಮೇಷ್ಟ್ರು ಊರಿಗೇ ಆಶೀರ್ವಾದ ಮಾಡ್ತಾ ಇದ್ದಾರೆ" ಅಂದರು. ಆ ಮನುಷ್ಯ ಕಂಠಪಾಠ ತಪ್ಪಿದ ಹುಡುಗನ ಹಾಗೆ ಬೆವರುತ್ತಿದ್ದದ್ದು ಯಾರಿಗೂ ಕಾಣಲಿಲ್ಲ. ಕಣ್ಣಿದ್ದವರು ನೋಡೋದು ಇಷ್ಟೇ.

ಹೇಳಿಕೊಳ್ಳೋಣ ಅಂದರೆ ಯಾರ ಹತ್ತಿರ? ಅಬೂನಾ ಮಿಸಾಯಿಲ್ ಹೊಸಬರು, ಚಿಕ್ಕ ವಯಸ್ಸು. "ಮೇಷ್ಟ್ರಿಗೆ ವಯಸ್ಸಾಯ್ತು" ಅಂತ ಬಿಷಪ್ಪರಿಗೆ ಒಂದು ಮಾತು ಹೋದರೆ ಬೇರೆ ಹಾಡುಗಾರ ಬರುತ್ತಾನೆ. ಆಮೇಲೆ ತಾನು ಯಾರು? ಚರ್ಚಿನ ಹಿತ್ತಲಲ್ಲಿ ಕೂತು ರೊಟ್ಟಿ ತಿನ್ನುವ ಒಬ್ಬ ಕುರುಡ ಮುದುಕ. ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು.

ಈಗ ಬಖೀತನ ವಿಷಯ. ಇರಾಕಿಗೆ ಗಾರೆ ಕೆಲಸಕ್ಕೆ ಹೋದ ನಮ್ಮೂರ ಗಂಡಸರಲ್ಲಿ ಅವನೂ ಒಬ್ಬ. ಅಲ್ಲಿ ಯುದ್ಧ ನಡೆಯುತ್ತಿತ್ತು. ರಜಕ್ಕೆ ಬರುವವರ ಕೈಯಲ್ಲಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದವನು ಕ್ರಿಸ್‌ಮಸ್‌ನಿಂದೀಚೆಗೆ ಸುಮ್ಮನಾಗಿದ್ದ. ಅವನಿದ್ದ ಬಸ್ರಾದ ಮೇಲೆ ಬಾಂಬು ಬಿತ್ತು ಅಂತ ರೇಡಿಯೋ ಹೇಳಿತು. ಅವನ ಹೆಂಡತಿ ಇಸ್ತೀರ್ ಪ್ರತಿ ಬೆಳಿಗ್ಗೆ ಮೇಷ್ಟ್ರ ಕೋಣೆಯ ಬಾಗಿಲಿಗೆ ಬಂದು, "ಬಖೀತ್, ಮೇಷ್ಟ್ರೇ. ದೂರ ಹೋದವರ ಸಾಲಲ್ಲಿ" ಅಂತ ಹೇಳಿ ಹೊಲಕ್ಕೆ ಹೋಗುವಳು. ಅವಳ ಅತ್ತೆ ಗಲೀಲಾ, ಬಖೀತನ ತಾಯಿ, ಸಂಜೆ ಬರುವಳು. ಅವಳದು ತೀರಿಹೋದ ಗಂಡ ವಾಸಿಫನ ಹೆಸರು.

ಒಂದು ಸಂಜೆ ಚರ್ಚಿನಲ್ಲಿ ಮೇಷ್ಟ್ರು ಮನಸ್ಸಿನಲ್ಲಿ ಗಲೀಲಾಳ ಬಾಗಿಲು ತಟ್ಟಿದರು. ವಾಸಿಫ್ ಬರಬೇಕಾಗಿತ್ತು. ಯಾರೂ ಬರಲಿಲ್ಲ. ಮತ್ತೆ ತಟ್ಟಿದರು. ಅಬೂನಾ ಕಾಯುತ್ತಿದ್ದಾರೆ, ಧೂಪ ಮೂಗಿಗೆ ಹೊಡೆಯುತ್ತಿದೆ, ಜನ ಕೆಮ್ಮುತ್ತಿದ್ದಾರೆ. ಕೊನೆಗೆ ಯಾರೋ ಬಾಗಿಲು ತೆರೆದ ಹಾಗಾಯಿತು. ಬಾಯಿ ಹೇಳಿಬಿಟ್ಟಿತು: "ಬಖೀತ್."

ಹೆಂಗಸರ ಕಡೆಯಿಂದ ಗಲೀಲಾಳ ಕಿರುಚು ಕೇಳಿತು. "ಅಯ್ಯೋ ನನ್ನ ಕಂದಾ!"

ಅದೇ ಗಳಿಗೆಯಲ್ಲಿ "ತಪ್ಪಾಯ್ತು, ಬಾಯಿ ತಪ್ಪಿತು" ಅಂದಿದ್ದರೆ ಮುಗಿದುಹೋಗುತ್ತಿತ್ತು. ಮೇಷ್ಟ್ರಿಗೆ ತಪ್ಪು ತಿಳಿಯಿತು ಕೂಡ. ಆದರೆ ಅಷ್ಟು ದಿನ ಮುಚ್ಚಿಟ್ಟದ್ದು ಒಂದೇ ಮಾತಿನಲ್ಲಿ ಬಯಲಾಗುತ್ತಲ್ಲ! ಅವರು ಮುಂದಿನ ಬಾಗಿಲಿಗೆ ನಡೆದುಬಿಟ್ಟರು. ಮುಂದಿನ ಹೆಸರನ್ನು ಅವರು ಎಷ್ಟು ಸಮಾಧಾನವಾಗಿ ಹೇಳಿದರು ಅಂದರೆ, ಕೇಳಿದವರಿಗೆ ಉಳಿದಿದ್ದ ಅನುಮಾನವೂ ಹೋಯಿತು.

"ಮೇಷ್ಟ್ರ ಬಾಯಲ್ಲಿ ದೇವರೇ ನುಡಿಸಿದ." ಬೆಳಗಾಗುವಷ್ಟರಲ್ಲಿ ಇದು ಊರ ಮಾತಾಯಿತು. ಗಲೀಲಾಳ ಮನೆಯ ಮುಂದೆ ಚಾಪೆ ಹಾಸಿದರು. ಸಕ್ಕರೆಯಿಲ್ಲದ ಕಾಫಿ ಕುದಿಯಿತು. ಹೆಂಗಸರು ಕೆನ್ನೆ ಬಡಿದುಕೊಂಡು ಅತ್ತರು. ಹೆಣವಿಲ್ಲ, ಸುದ್ದಿಯಿಲ್ಲ, ಕಾಗದವಿಲ್ಲ, ಆದರೂ ಸಾವಾಯಿತು! ಅಬೂನಾ ಒಬ್ಬರೇ, "ನಿಜವಾಗ್ಲೂ ಗೊತ್ತಾಗೋವರೆಗೂ ತಡೀರಪ್ಪ" ಅಂದರು. "ನೀವು ಊರಿಗೆ ಹೊಸಬರು ಅಬೂನಾ. ನಮ್ಮ ಮೇಷ್ಟ್ರು ನಿಮಗೆ ಗೊತ್ತಿಲ್ಲ" ಅಂತ ಹಿರಿಯರು ಅವರ ಬಾಯಿ ಮುಚ್ಚಿಸಿದರು. ಸಾವಿನ ಮೂರನೇ ದಿನ ಪಾದ್ರಿಗಳು ಮನೆಗೆ ಬಂದು ನೀರಿಟ್ಟು, ಧೂಪ ಹಾಕಿ, ಹೋದ ಆತ್ಮವನ್ನು ಬೀಳ್ಕೊಡುವುದು ನಮ್ಮ ಪದ್ಧತಿ. ಅದಕ್ಕೂ ಅಬೂನಾರನ್ನು ಒಪ್ಪಿಸಿಬಿಟ್ಟರು.

ಮೇಷ್ಟ್ರು ಕೋಣೆಯಿಂದ ಹೊರಗೆ ಬರಲಿಲ್ಲ. ಬಂದ ರೊಟ್ಟಿ ಬಂದ ಹಾಗೇ ಇತ್ತು. ಮೂರನೇ ದಿನದ ಹಿಂದಿನ ಮಧ್ಯಾಹ್ನ ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು.

"ನಾನು, ಇಸ್ತೀರ್."

"ಬಾ ಮಗಳೇ."

"ಕೂರೋಕೆ ಬಂದಿಲ್ಲ. ಒಂದು ಕೇಳ್ಬೇಕು. ನಿಮಗೆ ಕನಸು ಬಿತ್ತಾ?"

"ಇಲ್ಲ."

"ಯಾರಾದ್ರೂ ಬಂದು ಹೇಳಿದ್ರಾ?"

"ಇಲ್ಲಮ್ಮ... ಹೆಸರು ತಾನಾಗೇ ಬಂತು."

"ತಾನಾಗೇ ಬಂತು ಅಂದ್ರೆ? ದೇವರು ಕೊಟ್ಟಿದ್ದಾ, ನೀವು ಮರೆತಿದ್ದಾ? ಎರಡರಲ್ಲಿ ಒಂದು ಹೇಳಿ ಮೇಷ್ಟ್ರೇ."

ಮೇಷ್ಟ್ರು ಚಾಪೆಯ ಅಂಚು ಕೀಳುತ್ತ ಕೂತರು.

"ಗಂಡ ಸತ್ತವಳು ಅಂತ ನನ್ನ ಅರಿವೆಗೆ ಕಪ್ಪು ಬಣ್ಣ ಹಾಕೋಕೆ ಹಂಡೆ ಇಟ್ಟಿದ್ದಾರೆ. ಅದು ಹೋಗ್ಲಿ, ಬಟ್ಟೆ ಯಾವ ಬಣ್ಣ ಆದ್ರೇನು. ನಾಳೆ ಆ ಪ್ರಾರ್ಥನೆ ಆಗ್ಬಿಟ್ರೆ ಬೆಳಗಿನ ಸಾಲಲ್ಲಿ ಬಖೀತ್ ಹೆಸರು ಯಾರೂ ಎತ್ತಲ್ಲ. ಬಾಂಬು ಬೀಳೋ ಊರಲ್ಲಿ ಮನುಷ್ಯ ಒಬ್ಬನೇ ಇದ್ದಾನೆ. ಅವನ ಹಿಂದೆ ಇರೋದು ಅದೊಂದು ಪ್ರಾರ್ಥನೆ. ಅದನ್ನೂ ಕಿತ್ಕೊಂಡ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಾಯ್ತಾ?"

ಹೆಜ್ಜೆ ಸದ್ದು ದೂರವಾಯಿತು. ಮೇಷ್ಟ್ರು ಮಂಡಿಯೂರಿ ಪ್ರಾರ್ಥನೆ ಮಾಡೋಕೆ ಹೋದರು. ಬಖೀತನಿಗಾಗಿ ಬೇಡಿದರೆ ಯಾವ ಸಾಲಿನಲ್ಲಿ ಬೇಡೋದು? ಬದುಕಿದ್ದಾನೆ ಅಂತ ಬೇಡಿದರೆ ಊರಿಗೆ ಸುಳ್ಳು, ಸತ್ತ ಅಂತ ಬೇಡಿದರೆ ದೇವರಿಗೆ ಸುಳ್ಳು. ಹಣೆ ನೆಲಕ್ಕೆ ಹಚ್ಚಿ ಹಾಗೇ ಬಿದ್ದುಕೊಂಡರು.

ಮರುದಿನ ಅಬೂನಾ ಧೂಪದ ಬಟ್ಟಲು ಹಿಡಿದು ಗಲೀಲಾಳ ಮನೆಯ ಹೊಸಿಲು ದಾಟಿದ್ದರು. ಆಗ ಕೋಲಿನ ಟಕಟಕ ಕೇಳಿತು. "ಮೇಷ್ಟ್ರು ಬಂದ್ರು, ದಾರಿ ಬಿಡಿ" ಅಂತ ಗಂಡಸರು ಎದ್ದು ನಿಂತರು. ಹಾಜಿ ಅಬ್ದುಲ್ ಆಲ್ ಮೇಷ್ಟ್ರ ಕೈಹಿಡಿದು ಒಳಗೆ ಕರೆತಂದ.

"ನಿಲ್ಲಿಸಿ ಅಬೂನಾ," ಅಂದರು ಮೇಷ್ಟ್ರು. "ಬಖೀತ್ ಸತ್ತಿದ್ದಾನೆ ಅಂತ ನನಗೆ ಯಾರೂ ಹೇಳಿಲ್ಲ. ದೇವರೂ ಹೇಳಿಲ್ಲ. ವಾಸಿಫ್ ಅನ್ನೋ ಹೆಸರು ಮರೆತುಹೋಯ್ತು, ಬಾಯಿಗೆ ಇವನ ಹೆಸರು ಬಂತು. ನನಗೆ ಮರೆವು ಬಂದಿದೆ. ಬಹಳ ದಿನ ಆಯ್ತು. ಹೇಳೋಕೆ ಹೆದರಿದೆ."

ಆಮೇಲೆ ಆದದ್ದು ನೋಡಿ! ಯಾರೂ ನಂಬಲಿಲ್ಲ.

"ನೋಡ್ರೋ ದೊಡ್ಡ ಗುಣ. ತಾಯಿ ಹೊಟ್ಟೆ ಉರಿಯೋದು ನೋಡೋಕಾಗ್ದೆ ತಪ್ಪು ತನ್ನ ತಲೆ ಮೇಲೆ ಹಾಕ್ಕೊಳ್ತಾ ಇದ್ದಾರೆ," ಅಂದ ಒಬ್ಬ. "ಸಂತರು ಹೀಗೇ ಅಲ್ವಾ," ಅಂದ ಇನ್ನೊಬ್ಬ. ಯಾರೋ ಬಾಗಿ ಅವರ ಕೈಗೆ ಮುತ್ತಿಟ್ಟರು. ಮೇಷ್ಟ್ರು ಬೆಂಕಿ ತಾಗಿದವರಂತೆ ಕೈ ಕೊಡವಿಕೊಂಡರು. "ಸಂತನೂ ಇಲ್ಲ ಗಿಂತನೂ ಇಲ್ಲ! ಮರೆವು ಅಂತ ಹೇಳ್ತಾ ಇದ್ದೀನಿ, ಕಿವಿ ಕೇಳ್ಸಲ್ವಾ ನಿಮಗೆ?"

ಒಳಗಿನಿಂದ ಗಲೀಲಾ ನುಗ್ಗಿ ಬಂದಳು. ಮೂರು ದಿನ ಅತ್ತು ಗಂಟಲು ಹರಿದುಹೋಗಿತ್ತು.

"ಸಮಾಧಾನ ಮಾಡೋಕೆ ಬಂದ್ರಾ? ಬೇಡ! ನನ್ನ ಮಗನ್ನ ಒಂದ್ಸಲ ಸಾಯಿಸಿದ್ರಿ, ಈಗ ಎಬ್ಬಿಸ್ತೀರ, ನಾಳೆ ಇನ್ನೊಂದ್ಸಲ ಸಾಯಿಸ್ತೀರ. ಮರೆವಂತೆ ಮರೆವು! ಊರವರ ಸತ್ತ ಮುತ್ತಜ್ಜಂದಿರ ಹೆಸರೆಲ್ಲ ನಾಲಿಗೆ ತುದೀಲಿಟ್ಕೊಂಡಿರೋರು ನೀವು. ಹಾಗಾದ್ರೆ ಹೆತ್ತ ತಾಯಿ ಹೆಸರೂ ಮರೆತ್ರಾ? ಹೇಳಿ ನೋಡೋಣ!"

"ಅದು ಹೇಗೆ ಮರೀತೀನಮ್ಮ, ನನ್ನ ತಾಯಿ..." ಅಂದರು ಮೇಷ್ಟ್ರು.

ಅಷ್ಟೇ. ಬಾಯಿ ತೆರೆದೇ ಇತ್ತು. ತಲೆ ಒಂದು ಕಡೆ ವಾಲಿತು, ದೂರದಲ್ಲಿ ಯಾರೋ ಕರೆಯುವುದನ್ನು ಆಲಿಸುವ ಹಾಗೆ. ಕೈ ಗಾಳಿಯಲ್ಲಿ ಗೋಡೆ ಹುಡುಕಿತು, ಬಾಗಿಲು ಹುಡುಕಿತು. ಇದು ಅವರ ಸ್ವಂತ ಮನೆಯ ಬಾಗಿಲು. "ನನ್ನ ತಾಯಿ," ಅಂದರು ಮತ್ತೆ. ಕಾಣದ ಕಣ್ಣಿಂದ ನೀರು ಗಡ್ಡಕ್ಕೆ ಇಳಿಯಿತು. ಕಾಫಿ ಹಂಚುತ್ತಿದ್ದವನು ಹಂಚುತ್ತಿದ್ದ ಕಡೆಯೇ ನಿಂತುಬಿಟ್ಟ.

ಗಲೀಲಾ ಮೇಷ್ಟ್ರನ್ನೇ ನೋಡುತ್ತ ನಿಂತಳು. ಅವಳ ಸಿಟ್ಟು ಎಲ್ಲಿ ಹೋಯಿತೋ. ಹತ್ತಿರ ಬಂದು ಅವರ ತೋಳು ಹಿಡಿದಳು.

"ಹೆಲಾನಾ," ಅಂದಳು ಮೆಲ್ಲಗೆ. "ನಿಮ್ಮಮ್ಮ ಹೆಲಾನಾ, ಮೇಷ್ಟ್ರೇ. ನಮ್ಮ ಮನೆ ಒಲೇಲಿ ರೊಟ್ಟಿ ಸುಡೋಕೆ ಬರ್ತಿದ್ಲು. ನಿಮ್ಮನ್ನ ಸೊಂಟದ ಮೇಲೆ ಹೊತ್ಕೊಂಡು."

"ಹೆಲಾನಾ," ಅಂದರು ಮೇಷ್ಟ್ರು, ಹೊಸ ಪಾಠ ಒಪ್ಪಿಸುವ ಹಾಗೆ.

ಗಲೀಲಾ ಒಮ್ಮೆ ಮೂಗು ಸೀಟಿ, ಹೆಂಗಸರ ಕಡೆ ತಿರುಗಿದಳು. "ಏನ್ರೇ ನೋಡ್ತಾ ಕೂತಿದ್ದೀರಾ? ಏಳಿ, ಎದ್ದು ನಿಮ್ಮ ನಿಮ್ಮ ಮನೆಗೆ ಹೋಗಿ! ಆ ಹಂಡೆ ನೀರು ಚೆಲ್ರೇ. ನನ್ನ ಮಗ ಬದುಕಿದ್ದಾನೋ ಇಲ್ವೋ ದೇವರಿಗೆ ಗೊತ್ತು. ಗೊತ್ತಾಗೋವರೆಗೂ ಈ ಮನೇಲಿ ಯಾರೂ ಸತ್ತಿಲ್ಲ." ಅಬೂನಾ ಧೂಪದ ಬಟ್ಟಲನ್ನು ಕೆಳಗಿಟ್ಟರು. ಇಸ್ತೀರ್ ಒಲೆಯ ಹಿಂದೆ ಕೂತು, ಅಷ್ಟು ದಿನ ಅಳದವಳು, ಬಿಕ್ಕಿ ಬಿಕ್ಕಿ ಅತ್ತಳು.

ಅದರ ಮಾರನೇ ಬೆಳಿಗ್ಗೆ ಮೇಷ್ಟ್ರು ಚರ್ಚಿಗೆ ಬಂದು ತಮ್ಮ ಜಾಗದಲ್ಲಿ ನಿಂತರು. ಅಬೂನಾ ಕೈಹಿಡಿದು ನಿಲ್ಲಿಸಿದರು ಅನ್ನುವುದೇ ಸರಿ. ಕಾಯಿಲೆಯವರ ಪ್ರಾರ್ಥನೆ ಶುರುವಾಯಿತು. ಹೆಸರು ಹೇಳುವ ಹೊತ್ತಿಗೆ ಅಬೂನಾ ನಿಂತರು. ಮೇಷ್ಟ್ರು ಬಾಯಿ ತೆರೆಯಲಿಲ್ಲ. ಧೈರ್ಯ ಬರಲಿಲ್ಲ. ಜನ ಕಾದರು.

ಹೆಂಗಸರು ಚರ್ಚಿನಲ್ಲಿ ಧ್ವನಿಯೆತ್ತುವುದು ನಮ್ಮಲ್ಲಿಲ್ಲ. ಆದರೂ ಆ ಕಡೆಯಿಂದ ಇಸ್ತೀರಳ ಧ್ವನಿ ಬಂತು.

"ಸಿದ್ರಾಕ್. ಹೆಲಾನಾಳ ಮಗ."

ಮೇಷ್ಟ್ರು ಬೆಚ್ಚಿದರು. ಪ್ರತಿ ಹೆಸರಿಗೂ "ಕರ್ತನೇ ಕರುಣಿಸು" ಅಂತ ಹಾಡಬೇಕಾದವರು ಅವರೇ. ಎಲ್ಲರಿಗೂ ಹಾಡಿದ ಮನುಷ್ಯನಿಗೆ ಈಗ ಸ್ವರವೇ ಬರಲಿಲ್ಲ. ಜನರೇ ಹಾಡಿದರು, ಶ್ರುತಿಯಿಲ್ಲ, ತಾಳವಿಲ್ಲ, ಒಬ್ಬೊಬ್ಬರದು ಒಂದೊಂದು ದಾರಿ. ಆಮೇಲೆ ಆ ಮೂಲೆಯಿಂದೊಂದು ಹೆಸರು, ಈ ಮೂಲೆಯಿಂದೊಂದು ಹೆಸರು ಎದ್ದವು. ದೂರ ಹೋದವರ ಸರದಿ ಬಂದಾಗ ಗಲೀಲಾ ಹರಿದ ಗಂಟಲಲ್ಲಿ, "ಬಖೀತ್, ನನ್ನ ಮಗ," ಅಂದಳು. ಅದಕ್ಕೆ ಮೇಷ್ಟ್ರೇ ಹಾಡಿದರು.