ಬೂದಿಯೋ ಮಣಿಯೋ, ಇಸ್ತ್ರಿ ಆಪಾನೇ ಹೇಳಬೇಕು

ವಾಡಿ ಸ್ಟೇಷನ್ ರಸ್ತೆಯ ಬೇವಿನ ಮರದ ಕೆಳಗೆ ಬೆಳಗಿನ ಐದೂಕಾಲಿಗೆ ಮೊದಲು ಕಾಣುವುದು ಹಿಡಿಯಷ್ಟು ಕೆಂಪು. ಅದು ಇಸ್ತ್ರಿ ಪೆಟ್ಟಿಗೆಯೊಳಗಿನ ಇದ್ದಲಿ. ಊರೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಸರ್ವರಬೇಗಂ ಮುಚ್ಚಳ ತೆರೆದು ಹಳೆ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಬೀಸುತ್ತಾರೆ. ಕಿಡಿ ಹಾರಿದಾಗ ಸೆರಗು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಮೇಲೆ ಬಂಡಿಯ ಮೇಲೆ ಹಾಸಿದ ಕಂಬಳಿಯನ್ನು ನಾಲ್ಕು ಸಲ ಕೊಡವುತ್ತಾರೆ. ಏಳುವುದು ಸಿಮೆಂಟಿನ ದೂಳು. ಸಿಮೆಂಟ್ ಕಾರ್ಖಾನೆಯ ಈ ಊರಿನಲ್ಲಿ ಬೇವಿನ ಎಲೆ ತನ್ನ ಹಸಿರು ತೋರಿಸಬೇಕಾದರೂ ಒಂದು ಮಳೆ ಬಂದು ಹೋಗಬೇಕು.

ಬೆಳಗಿನ ಪ್ಯಾಸೆಂಜರ್ ರೈಲುಗಳು ಬರುವಷ್ಟರಲ್ಲಿ ಹದಿನೆಂಟು ಇಪ್ಪತ್ತು ಅಂಗಿ ತಯಾರಾಗಬೇಕು. ಚಿತ್ತಾಪುರದ ಶಾಲೆಗೆ ಹೋಗುವ ಮಾಸ್ತರರದು, ಸೇಡಂ ಬ್ಯಾಂಕಿಗೆ ಹೋಗುವ ಗುಮಾಸ್ತರದು, ಶಹಾಬಾದಿನ ಆಫೀಸುಗಳಿಗೆ ಹೋಗುವ ಐದಾರು ಮಂದಿಯದು. ಕೆಲವರು ಬನಿಯನ್ನಿನಲ್ಲೇ ಬಂದು ನಿಂತು, ಬಿಸಿ ಅಂಗಿಯನ್ನು ಅಲ್ಲೇ ತೊಟ್ಟು, ಗುಂಡಿ ಹಾಕಿಕೊಳ್ಳುತ್ತ ಪ್ಲಾಟ್‌ಫಾರ್ಮಿನತ್ತ ಓಡುತ್ತಾರೆ. ಆಪಾ ಯಾರ ಮುಖವನ್ನೂ ನೋಡುವುದಿಲ್ಲ, ಕಾಲರ್ ನೋಡಿ ಗುರುತು ಹಿಡಿಯುತ್ತಾರೆ. ಮೊದಲು ಕಾಲರ್, ಆಮೇಲೆ ಹೆಗಲು, ತೋಳು, ಕಡೆಗೆ ಬೆನ್ನು. ಒಂದು ಅಂಗಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ತಮ್ಮ ಮೇಲೆ ತಮಗೇ ಸಿಟ್ಟು.

ವಯಸ್ಸು ಐವತ್ತನಾಲ್ಕು. ಪೆಟ್ಟಿಗೆಯ ತೂಕ ಏಳು ಕಿಲೋ. ಇಪ್ಪತ್ತಾರು ವರ್ಷದಿಂದ ಅದನ್ನು ಎತ್ತಿ ಇಳಿಸಿ ಬಲಗೈ ಎಡಗೈಗಿಂತ ದಪ್ಪವಾಗಿದೆ. ಬಳೆಯಂಗಡಿಯಲ್ಲಿ ಒಂದೊಂದು ಕೈಗೆ ಒಂದೊಂದು ಅಳತೆಯ ಬಳೆ ಕೇಳಬೇಕಾಗುತ್ತದೆ ಎಂದು ನಗುತ್ತಾರೆ. ಗಂಡ ಅಬ್ದುಲ್ ಸಲಾಂ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಉಜ್ಜುವ ಕೆಲಸದಲ್ಲಿದ್ದರು. ಸೊಂಟ ಕೈಕೊಟ್ಟ ಮೇಲೆ ಇಸ್ತ್ರಿಯಾದ ಬಟ್ಟೆಗಳನ್ನು ಸೈಕಲ್ಲಿನಲ್ಲಿ ರೈಲ್ವೆ ಕ್ವಾರ್ಟರ್ಸಿಗೆ ಮುಟ್ಟಿಸುತ್ತಾರೆ. ಒಬ್ಬಳೇ ಮಗಳು ನಾಜಿಯಾ ಮದುವೆಯಾಗಿ ಚಿಂಚೋಳಿಯಲ್ಲಿದ್ದಾಳೆ. ಆಪಾನ ಆಸೆ ಕೇಳಿದರೆ ದೊಡ್ಡದೇನೂ ಇಲ್ಲ, ಬಂಡಿಯ ಮೇಲೊಂದು ತಗಡಿನ ನೆರಳು ಬೇಕಂತೆ.

ಇಷ್ಟೇ ಆಗಿದ್ದರೆ ಊರೂರಲ್ಲೂ ಇರುವ ಇಸ್ತ್ರಿಯವರಲ್ಲಿ ಇವರೂ ಒಬ್ಬರು. ಆದರೆ ಈ ಬಂಡಿಗೆ ಜನ ಹಳೆ ಅಂಗಿಯ ಜೊತೆ ಹೊಸ ಅಂಗಿಯನ್ನೂ ತರುತ್ತಾರೆ, ಅದೂ ಕೊಳ್ಳುವ ಮೊದಲು. ಆಫೀಸಿಗೆ ಹೋಗಲು ಕಡಿಮೆ ಬೆಲೆಯ ಒಳ್ಳೆಯ ಅಂಗಿ ಬೇಕೆಂದರೆ ವಾಡಿಯವರು ಅಂಗಡಿಯವನ ಮಾತು ಅರ್ಧ ನಂಬುತ್ತಾರೆ, ಉಳಿದರ್ಧಕ್ಕೆ ಬೇವಿನ ಮರದ ಕೆಳಗೆ ಬರುತ್ತಾರೆ. ಅಂಗಡಿಯವರೂ ಇದಕ್ಕೆ ಒಗ್ಗಿಹೋಗಿದ್ದಾರೆ. ‘ಪಸಂದಿಗೆ’ ಎಂದು ಎರಡು ಮೂರು ಅಂಗಿಗಳನ್ನು ಗಿರಾಕಿಯ ಕೈಗೆ ಕೊಟ್ಟು ಕಳಿಸುತ್ತಾರೆ. ಇಟ್ಟುಕೊಂಡದ್ದಕ್ಕೆ ದುಡ್ಡು, ಉಳಿದದ್ದು ವಾಪಸ್ಸು.

“ಅಂಗಡ್ಯಾವ್ರಿಗಿ ಅಂಗಿದು ಮೊದಲ್ನೇ ದಿನ ಗೊತ್ತಿರತದ್ರಿ. ನನಗ ಆರು ತಿಂಗಳಾದ ಮ್ಯಾಲಿಂದು ಗೊತ್ತಿರತದ. ಕಾಲರ್ ಯಾವಾಗ ಸವಿತದ, ಬಗಲಾಗಿನ ಬೆವರು ಹೋಗತದೋ ಇಲ್ಲೋ, ಬಣ್ಣ ಎಲ್ಲಿ ಹಾರತದ, ಎಲ್ಲ ಈ ಕಂಬಳಿ ಮ್ಯಾಲೇ ಬರತದ,” ಎನ್ನುತ್ತಾರೆ.

ಅವರ ಪರೀಕ್ಷೆ ಬಲು ಸರಳ. ಅಂಗಿಯ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇದ್ದಲಿಗೆ ತಾಗಿಸಿ, ಬೆರಳಿನ ನಡುವೆ ಉಜ್ಜುತ್ತಾರೆ. ಅಪ್ಪಟ ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಸ್ಟರ್ ಆದರೆ ಎಳೆ ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿಯೊಂದು ಕೂರುತ್ತದೆ. ಎರಡೂ ಬೆರೆತಿದ್ದರೆ ಬೂದಿಯೊಳಗೆ ಮರಳಿನಂತೆ ಬೆರಳಿಗೆ ಚುಚ್ಚುತ್ತದೆ. ಚುಚ್ಚಿದ್ದು ಎಷ್ಟು ಎಂಬುದರ ಮೇಲೆ ಯಾವುದು ಎಷ್ಟು ಬೆರೆತಿದೆ ಎಂದು ಹೇಳುತ್ತಾರೆ. ವಾಡಿಯಲ್ಲಿ ಈಗ ‘ಮಣಿ ಅಂಗಿ’ ಎಂದರೆ ಮಕ್ಕಳಿಗೂ ಅರ್ಥವಾಗುತ್ತದೆ. ಬಟ್ಟೆ ಅಂಗಡಿಯ ಫೈಜಾನ್ ಮಾತ್ರ, ಖಾಲಾ, ನನ್ನ ಮಾಲಿಗೆ ಬೆಂಕಿ ಹಚ್ಚುವುದು ಯಾವಾಗ ಬಿಡುತ್ತೀರಿ ಎಂದು ದಿನಾ ಕೇಳುತ್ತಾನೆ. ಕೇಳುತ್ತಲೇ ಕಳಿಸುತ್ತಾನೆ, ಯಾಕೆಂದರೆ ಆಪಾ ಒಪ್ಪಿದ ಅಂಗಿ ವಾಪಸು ಬರುವುದಿಲ್ಲ.

ಈ ಎಳೆ ಸುಡುವ ಪದ್ಧತಿ ಹುಟ್ಟಿದ್ದು ಒಂದು ತಪ್ಪಿನಿಂದ. ಪಾಲಿಸ್ಟರ್ ಬೆರೆತ ಹತ್ತಿಬಟ್ಟೆಗೆ ಹೇಳುವ ಟೆರಿಕಾಟ್ ಎಂಬ ಮಾತು ಈ ಸೀಮೆಯ ಬಾಯಲ್ಲಿ ತಿರುಗಿ ತಿರುಗಿ ‘ಟೆರಿ’ ಸವೆದುಹೋಗಿ ಬರೀ ‘ಕಾಟ’ ಉಳಿದಿದೆ. ಕಾಟ ಎಂದಮೇಲೆ ಕಾಟನ್ನೇ ಎಂದು ಕೇಳುವವರು ತಿಳಿಯುತ್ತಾರೆ, ಹೇಳುವವರೂ ಹಾಗೆಯೇ ನಂಬಿರುತ್ತಾರೆ. ಹನ್ನೊಂದು ವರ್ಷದ ಹಿಂದೆ ಹಣಮಂತರಾಯ ಎಂಬ ಹುಡುಗ ಚಿತ್ತಾಪುರದಲ್ಲಿ ಇಂಟರ್‌ವ್ಯೂ ಇದೆಯೆಂದು ಬೆಳ್ಳಂಬೆಳಗ್ಗೆ ಬಿಳಿ ಅಂಗಿ ತಂದ. ಕಾಟಿಂದು ಅದ ಎಂದ. ಆಪಾ ಹತ್ತಿಗೆ ಬೇಕಾದಷ್ಟು ಕಾದ ಪೆಟ್ಟಿಗೆಯನ್ನು ಎದೆಯ ಜೇಬಿನ ಮೇಲೆ ಇಟ್ಟರು. ಎತ್ತಿದಾಗ ಜೇಬು ಪೆಟ್ಟಿಗೆಯ ಜೊತೆ ಬಂತು.

ಆಪಾ ಮನೆಗೆ ಓಡಿ ಗಂಡನ ಈದ್ ಹಬ್ಬದ ಅಂಗಿ ತಂದು ಅವನಿಗೆ ತೊಡಿಸಿದರು. ಅಂಗಿ ಎರಡು ಬೆರಳು ಸಡಿಲವಿತ್ತು. ಹುಡುಗ ಹೋದ. ಕೆಲಸ ಸಿಗಲಿಲ್ಲ. ಹಣಮಂತರಾಯ ಈಗ ಎದುರುಗಡೆಯೇ ಚಹಾದಂಗಡಿ ಇಟ್ಟುಕೊಂಡು ಚೆನ್ನಾಗಿಯೇ ಇದ್ದಾನೆ. ಅಂಗಿಗೂ ಅದಕ್ಕೂ ಸಂಬಂಧವಿಲ್ಲ, ಕೇಳಿದ ಪ್ರಶ್ನೆಗೆ ತನಗೆ ಉತ್ತರ ಬರಲಿಲ್ಲ ಎಂದು ಸಾವಿರ ಸಲ ಹೇಳಿದ್ದಾನೆ. ಆಪಾನ ಎದೆ ಮಾತ್ರ ಅದನ್ನು ಒಪ್ಪಿಲ್ಲ.

“ಅಂವ ಹೇಳ್ತಾನ, ನಾ ಕೇಳ್ತೀನಿ. ಆದ್ರ ಸಡ್ಲ ಅಂಗಿ ಹಾಕ್ಕೊಂಡು ಕುಂತ ಮನಷ್ಯಾಗ ಬರೋ ಉತ್ರಾನೂ ಬರಂಗಿಲ್ರಿ,” ಎಂದು ಇದ್ದಲಿ ಕೆದಕುತ್ತಾರೆ.

ಈಗ ಕಷ್ಟ ಇರುವುದು ಬೇರೆ ಕಡೆ. ಮೊದಲು ದಿನಕ್ಕೆ ನೂರಿಪ್ಪತ್ತು ಬಟ್ಟೆ ಬರುತ್ತಿದ್ದವು, ಈಗ ಅರವತ್ತು ದಾಟಿದರೆ ಹಬ್ಬ. ಪೆಟ್ಟಿಗೆಯನ್ನೇ ಕಾಣದ, ಒಗೆದು ಹಾಕಿದರೆ ಸುಕ್ಕು ಬೀಳದ ಬೆರಕೆ ಬಟ್ಟೆ ಮನೆಮನೆಗೆ ಬಂದಿದೆ. ತಮಾಷೆ ಏನೆಂದರೆ, ಆ ಅಂಗಿಗಳಲ್ಲಿ ಎಷ್ಟೋ ಇವರೇ ಎಳೆ ಸುಟ್ಟು, ತಗೋ ಎಂದು ಹೇಳಿದವು. ಅಪ್ಪಟ ಹತ್ತಿಯ ಅಂಗಿ ಆರಿಸಿಕೊಟ್ಟರೆ ಗಿರಾಕಿ ದಿನಾ ಬಂಡಿಗೆ ಬರುತ್ತಾನೆ, ಬೆರಕೆಯದನ್ನು ಆರಿಸಿಕೊಟ್ಟರೆ ಮತ್ತೆ ಬರುವುದೇ ಇಲ್ಲ. ನನ್ನ ಹೆಂಡತಿ ತನ್ನ ಗಿರಾಕಿಯನ್ನು ತಾನೇ ಹಾದಿಗೆ ಹಚ್ಚುತ್ತಾಳೆ ಎಂದು ಅಬ್ದುಲ್ ಸಲಾಂ ಸೈಕಲ್ ಒರೆಸುತ್ತ ಗೊಣಗುತ್ತಾರೆ. ಗೊಣಗುವವರ ಮೈಮೇಲಿನ ಮಿರಮಿರ ಮಿನುಗುವ ಅಂಗಿಯೂ ಶುದ್ಧ ಮಣಿಯದೇ.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಭೀಮಶ್ಯಾ ಬಂದು ನಿಲ್ಲುತ್ತಾನೆ. ಮೂವತ್ತೆಂಟರ ಆಳು. ಹತ್ತು ವರ್ಷ ಸಿಮೆಂಟ್ ಚೀಲ ಹೊತ್ತವನು. ಓದು ಪಿಯುಸಿವರೆಗೆ, ಅಕ್ಷರ ಮುತ್ತಿನಂತೆ. ಶಹಾಬಾದಿನ ಲಾರಿ ಆಫೀಸೊಂದರಲ್ಲಿ ಲಾರಿ ನಂಬರು, ಮಾಲಿನ ಚೀಟಿ ಬರೆಯುವ ಕೆಲಸಕ್ಕೆ ಕರೆದಿದ್ದಾರೆ. ಒಂದು ತಿಂಗಳು ನೋಡುತ್ತಾರಂತೆ. ಹೊರಗಿನವರು ಬಂದು ಹೋಗುವ ಜಾಗ, ದಿನಾ ತುಂಬುತೋಳಿನ ಅಂಗಿ ಇರಬೇಕು, ಸುಕ್ಕು ಇರಬಾರದು ಎಂದು ಮ್ಯಾನೇಜರ್ ಮೊದಲೇ ಹೇಳಿದ್ದಾನೆ. ಸೋಮವಾರ ಹಾಜರಾಗಬೇಕು. ಕೊಳ್ಳಲು ಆಗುವುದು ಎರಡೇ ಅಂಗಿ. ಫೈಜಾನ್ ಮೂರು ಬಗೆ ಕೊಟ್ಟು ಕಳಿಸಿದ್ದಾನೆ.

ಆಪಾ ಮೂರರ ಎಳೆಯನ್ನೂ ಸುಡುತ್ತಾರೆ. ಬಿಳಿಯದು ಬೂದಿ. ಹೊಳೆಯುವ ಕಂದು ಬಣ್ಣದ್ದು ಪೂರಾ ಮಣಿ. ತಿಳಿನೀಲಿಯದು ಬೂದಿಯಾಗಿ ಉದುರಿ ಸ್ವಲ್ಪ ಚುಚ್ಚುತ್ತದೆ, ಮುಕ್ಕಾಲಿಗೆ ತುಸು ಕಡಿಮೆ ಹತ್ತಿ. ಭೀಮಶ್ಯಾನ ಕಣ್ಣು ಬಿಳಿಯದರ ಮೇಲೆ. ನೋಡಲು ಅದೇ ಸಾಹೇಬರ ಅಂಗಿ. ಅದನ್ನು ಕೊಂಡರೆ ವಾರಕ್ಕೆ ಆರು ದಿನ ಈ ಬಂಡಿಗೆ ಬರಬೇಕು. ಅಬ್ದುಲ್ ಸಲಾಂ ಸೈಕಲ್ ಒರೆಸುವುದನ್ನು ನಿಲ್ಲಿಸಿ ಹೆಂಡತಿಯನ್ನೇ ನೋಡುತ್ತಾರೆ.

ಆಪಾ ಅಂಗಿಯ ಮಾತು ಬಿಟ್ಟು ಅವನ ಮನೆಯ ಮಾತು ತೆಗೆಯುತ್ತಾರೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಮೂರು ದಿನಕ್ಕೊಮ್ಮೆ. ಬಟ್ಟೆ ಒಗೆಯುವವರು ಯಾರು? ಹೆಂಡತಿ ಸಾಬಮ್ಮ ಆರಕ್ಕೇ ಕೂಲಿಗೆ ಹೋಗುತ್ತಾಳೆ, ಹಾಗಾಗಿ ರಾತ್ರಿ ತಾನೇ ಒಗೆದುಕೊಳ್ಳಬೇಕು. ಕೂರುವ ಜಾಗದಲ್ಲಿ ಫ್ಯಾನ್ ಇದೆಯೇ? ಇದೆ, ಆದರೆ ಲಾರಿಗಳ ನಡುವೆ ಓಡಾಟವೂ ಇದೆ. ಎಲ್ಲ ಕೇಳಿಸಿಕೊಂಡು ಕಂದು ಅಂಗಿಯನ್ನು ಮೊದಲು ಆಚೆ ಸರಿಸುತ್ತಾರೆ. ಸೆಕೆಯಲ್ಲಿ ಅದು ಮೈಗೆ ಅಂಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಕ್ಕದವರು ಕುರ್ಚಿ ದೂರ ಎಳೆದುಕೊಳ್ಳುತ್ತಾರೆ. ಆಮೇಲೆ ಬಿಳಿಯದನ್ನು ಕೈಗೆತ್ತಿಕೊಂಡು ಕಾಲರಿನಿಂದ ಬೆನ್ನಿನವರೆಗೆ ತಿರುವಿ ನೋಡುತ್ತಾರೆ. ಅಷ್ಟರಲ್ಲಿ ಇಸ್ತ್ರಿಗೆ ಎಂಟೆಂಟು ರೂಪಾಯಿ ತರುವ ಎಷ್ಟು ಅಂಗಿಗಳು ಅವರ ಕಣ್ಣ ಮುಂದೆ ಹಾದುಹೋದವೋ ಅವರಿಗೇ ಗೊತ್ತು.

“ಇದು ಭಾಳ ಚಲೋ ಅಂಗಿ ತಮ್ಮಾ, ಆದ್ರ ನಿನಗಲ್ಲ. ರಾತ್ರಿ ಒಗದ್ರ ಮುಂಜಾನಿ ಹಸಿ ಇರತದ, ಒಣಗಿದ್ರ ಮುದುಡಿ ಕುಂದ್ರತದ. ಒಂದಿನ ನನ್ನ ಇದ್ದಲಿ ತೊಯ್ದ್ರ ನಿನ್ನ ಕೆಲಸ ಹೋಗತದ. ನೀಲೀದು ಎರಡು ತಗೋ,” ಎಂದು ಮಡಚಿ ಕೊಡುತ್ತಾರೆ.

ಜೊತೆಗೆ ಹೇಳಿಕೊಟ್ಟ ಬುದ್ಧಿಮಾತು ಒಂದು ಕಂತೆ. ಒಗೆದ ಮೇಲೆ ಹಿಂಡಬೇಡ, ಹೆಗಲು ಹಿಡಿದು ಎರಡು ಸಲ ಜಾಡಿಸು. ಹಗ್ಗಕ್ಕೆ ಎಸೆಯಬೇಡ, ಹ್ಯಾಂಗರಿಗೆ ಹಾಕಿ ಗಾಳಿ ಆಡುವಲ್ಲಿ ಒಣಗಿಸು. ಒಳಗೆ ಹತ್ತಿಯ ಬನಿಯನ್ ತೊಡು, ಬೆವರು ಅದು ಕುಡಿಯಲಿ. ವೆಲ್ಡಿಂಗ್ ನಡೆಯುವಲ್ಲಿ ಮಾತ್ರ ಈ ಅಂಗಿಯಲ್ಲಿ ನಿಲ್ಲಬೇಡ, ಕಿಡಿ ಬಿದ್ದರೆ ಮಣಿ ಮೈಗೇ ಅಂಟುತ್ತದೆ. ಭೀಮಶ್ಯಾ ಶಾಲೆಯ ಹುಡುಗನಂತೆ ತಲೆಯಾಡಿಸಿ ಹೋಗುತ್ತಾನೆ. ಅಬ್ದುಲ್ ಸಲಾಂ ಕ್ವಾರ್ಟರ್ಸಿನ ಬಟ್ಟೆಯ ಗಂಟು ಕಟ್ಟಿಕೊಂಡು ಸೈಕಲ್ ಹತ್ತುತ್ತಾರೆ.

ಸೋಮವಾರ ಬೆಳಿಗ್ಗೆ ಆಪಾ ಸ್ಟೇಷನ್ನಿನ ಗೇಟಿನತ್ತ ಕಣ್ಣಿಟ್ಟಿರುತ್ತಾರೆ. ಶಹಾಬಾದಿಗೆ ಹೋಗುವವರೆಲ್ಲ ಹೋಗುತ್ತಾರೆ, ಭೀಮಶ್ಯಾ ಕಾಣುವುದಿಲ್ಲ. ಮಂಗಳವಾರವೂ ಇಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಅವರ ಮನಸ್ಸು ಹನ್ನೊಂದು ವರ್ಷ ಹಿಂದಕ್ಕೆ ಹೋಗಿರುತ್ತದೆ. ಅಂಗಿಯೇ ಕೆಟ್ಟಿತೇನೋ, ಬಿಳಿಯದೇ ಕೊಡಬೇಕಿತ್ತೇನೋ ಎಂದು ಹಣಮಂತರಾಯನ ಹತ್ತಿರ ಕೇಳುತ್ತಾರೆ. ಅವನು ಚಹಾ ಮುಂದಿಟ್ಟು, ಮತ್ತೆ ಅದೇ ಶುರುಮಾಡಿದಿರಾ ಆಪಾ ಎಂದು ಬೈಯುತ್ತಾನೆ. ಆಪಾ ಚಹಾ ಅರ್ಧಕ್ಕೇ ಬಿಟ್ಟು ಬಂಡಿಗೆ ಮರಳುತ್ತಾರೆ. ಮೂರನೆಯ ವಾರ ಒಂದು ಅಂಗಿಯ ತೋಳಿನ ಮೇಲೆ ಒಂದೇ ಇರಬೇಕಾದ ಇಸ್ತ್ರಿ ಗೆರೆ ಎರಡಾಗಿ ಬೀಳುತ್ತದೆ. ಇಪ್ಪತ್ತಾರು ವರ್ಷದಲ್ಲಿ ಹಾಗಾದದ್ದು ಕಡಿಮೆ.

ಸುದ್ದಿ ತರುವವರು ಅಬ್ದುಲ್ ಸಲಾಂ. ಕ್ವಾರ್ಟರ್ಸಿಗೆ ಬಟ್ಟೆ ಕೊಟ್ಟು ಬರುವಾಗ ಭೀಮಶ್ಯಾನನ್ನು ಮೇಲ್ಸೇತುವೆಯ ಆಚೆ ಕಡೆಯ ಗೇಟಿನಲ್ಲಿ ಕಂಡಿದ್ದಾರೆ. ಮೈಮೇಲೆ ನೀಲಿ ಅಂಗಿ, ರೈಲಿಗೆ ಓಡುತ್ತಿದ್ದ. ತಡೆದು ಕೇಳಿದ್ದಾರೆ. ಇಷ್ಟು ದಿನವೂ ಅವನು ಸುತ್ತು ಹಾಕಿಕೊಂಡು ಆ ಗೇಟಿನಿಂದಲೇ ಹೋಗುತ್ತಿದ್ದನಂತೆ. ಆಪಾನ ಮುಂದೆ ಬರಿಗೈಯಲ್ಲಿ ಹಾದುಹೋಗುವುದು ಹೇಗೆ, ಅವರ ಸಲಹೆ ಪಡೆದು ಅವರಿಗೇ ಇಸ್ತ್ರಿಗೆ ಒಂದು ಬಟ್ಟೆ ಕೊಡಲಾಗದವನು ಯಾವ ಮುಖ ಹೊತ್ತು ಹೋಗಲಿ ಎಂದು ನಾಚಿಕೊಂಡಿದ್ದಾನೆ. ಕೇಳಿ ಆಪಾಗೆ ನಗುವೂ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಹೊಗೆ ಎಂದು ಸೆರಗಿನಿಂದ ಒರೆಸಿಕೊಳ್ಳುತ್ತಾರೆ.

ಅವನನ್ನು ಕರೆದುಕೊಂಡು ಬರಲು ಗಂಡನಿಗೆ ಹೇಳುತ್ತಾರೆ. ತಿಂಗಳು ತುಂಬಿದ ಮರುದಿನ ಭೀಮಶ್ಯಾ ಬರುತ್ತಾನೆ, ಬರಿಗೈಯಲ್ಲೇ. ತಲೆ ತಗ್ಗಿಸಿಕೊಂಡು ಬಂಡಿಯ ಮುಂದೆ ನಿಂತು, “ಕೆಲಸ ಪಕ್ಕಾ ಆಯ್ತ್ರಿ ಆಪಾ. ನಿನ್ನಿ ಹೇಳಿದ್ರು,” ಎನ್ನುತ್ತಾನೆ.

ಆಪಾ ರೂಢಿಯ ಮೇಲೆ ಪೆಟ್ಟಿಗೆಯತ್ತ ಕೈ ಚಾಚುತ್ತಾರೆ, ಮತ್ತೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ತಿಂಗಳಿಡೀ ಒಗೆದು ತೊಟ್ಟ ಅಂಗಿಯನ್ನು ಕಾಲರಿನಿಂದ ಹೆಗಲಿಗೆ, ಹೆಗಲಿನಿಂದ ತೋಳಿಗೆ, ಅದೇ ಕ್ರಮದಲ್ಲಿ ನೋಡುತ್ತಾರೆ. ಸರಿಪಡಿಸಲು ಏನೂ ಇಲ್ಲ. ಕಾಲರಿನ ಮೇಲೆ ಕೂತ ಒಂದಿಷ್ಟು ಸಿಮೆಂಟಿನ ದೂಳನ್ನು ಅಂಗೈಯಿಂದ ಕೊಡವಿ, ನಾಳೆಯಿಂದ ಈ ಗೇಟಿನಿಂದಲೇ ಹೋಗಬೇಕು ಎಂದು ಗದರಿಸುತ್ತಾರೆ. ಅವನು ಹೂಂ ಎಂದು ರೈಲಿಗೆ ಓಡುತ್ತಾನೆ. ನೀಲಿ ಬೆನ್ನು ಪ್ಲಾಟ್‌ಫಾರ್ಮಿನ ಜನರಲ್ಲಿ ಸೇರಿಹೋಗುವವರೆಗೂ ನೋಡಿ, ಆಪಾ ಮುಂದಿನ ಅಂಗಿಯನ್ನು ಕಂಬಳಿಯ ಮೇಲೆ ಹರವುತ್ತಾರೆ.

“ಆ ಅಂಗಿ ಒಂದಿನಾನೂ ನನ್ನ ಬಂಡಿಗಿ ಬಂದಿಲ್ರಿ,” ಎನ್ನುತ್ತಾರೆ. “ಆದ್ರ ಆರಿಸಿದ್ದು ನಾನೇ.”