ಎಡಗೈಯ ದೋಸೆ

ತಂಗಿ ಕೇಳಿದ ಒಂದೇ ಒಂದು ಕೆಲಸವನ್ನು ನಾನು ಮಾಡಲಿಲ್ಲ. ಮಾಡಿದೆನೆಂದು ಬರೆದುಕೊಟ್ಟೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಡೊಂಬಿವಲಿಯ ಹೋಟೆಲಿನಲ್ಲಿ ದೋಸೆ ಹೊಯ್ಯಲು ನಿಂತವನು. ಅವಳು ಓದಿದಳು. ಕೈ ಹೊಸ ಕೆಲಸ ಕಲಿಯುವಾಗ ಮೆದುಳಿನಲ್ಲಿ ಏನಾಗುತ್ತದೆ ಎಂಬುದು ಅವಳ ಸಂಶೋಧನೆ. ಊಟಕ್ಕೆ ಕೂತರೂ ಅವಳ ಕಣ್ಣು ಎದುರಿನವರ ಕೈಮೇಲೆ.

ಒಮ್ಮೆ ಕೆಲವು ಅಡಿಗೆಯವರಿಗೂ ನನಗೂ ಒಂದೊಂದು ನೋಟ್‌ಬುಕ್ ಕೊಟ್ಟಳು. "ಅಣ್ಣ, ದಿನಾ ಹತ್ತು ದೋಸೆ ಎಡಗೈಯಲ್ಲಿ ಹೊಯ್ಯಿ. ಎಷ್ಟು ಹರಿದುಹೋದವೆಂದು ಬರಿ. ತಪ್ಪಿದರೆ ತಪ್ಪಲಿ ಮಾರಾಯ, ತಪ್ಪಿದಾಗಲೇ ಮೆದುಳು ಕಲಿಯುವುದು." 'ತಪ್ಪಿದರೆ ತಪ್ಪಲಿ' ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಮೊದಲ ದೋಸೆಯೇ ಹರಿದದ್ದು ನೋಡಿ ವೇಟರ್ ನಕ್ಕ: "ಕ್ಯಾ ಅಣ್ಣಾ, ಸುಬೇ ಸುಬೇ ಪೀಕೆ ಆಯಾ?" ಬೆಳಿಗ್ಗೆ ಬೆಳಿಗ್ಗೆಯೇ ಕುಡಿದು ಬಂದೆಯಾ ಎಂಬ ಆ ಮಾತು ಕೇಳಿದ ಮೇಲೆ ಎಡಗೈಗೆ ಸೌಟು ಕೊಡಲೇ ಇಲ್ಲ. ನೋಟ್‌ಬುಕ್‌ನಲ್ಲಿ ಮಾತ್ರ ಹರಿದ ದೋಸೆಗಳನ್ನು ವಾರಕ್ಕೊಂದರಂತೆ ಕಡಿಮೆ ಮಾಡುತ್ತ ಹೋದೆ.

ಅವಳು ಒಂದೊಂದೇ ಪುಟ ತಿರುವಿ ಓದಿದಳು. "ಯಾರ ಕೈಯೂ ಇಷ್ಟು ನೇರವಾಗಿ ಕಲಿಯುವುದಿಲ್ಲ ಅಣ್ಣ," ಎಂದಳು. ಉಳಿದ ಅಡಿಗೆಯವರ ನೋಟ್‌ಬುಕ್‌ಗಳ ಕಟ್ಟಿನಿಂದ ನನ್ನದನ್ನು ತೆಗೆದಿಟ್ಟಳು. ಬೈಯಲಿಲ್ಲ. ನಾನೂ ಒಪ್ಪಿಕೊಳ್ಳಲಿಲ್ಲ.

ವರ್ಷಗಳಾದ ಮೇಲೆ, ವರ್ತಕ ನಗರದ ಅವಳ ಮನೆಯಲ್ಲಿ ಎಡಗೈಯಲ್ಲಿ ದೋಸೆ ಹೊಯ್ದೆ. ಹರಿದದ್ದನ್ನೇ ಅವಳ ತಟ್ಟೆಗೆ ಹಾಕಿ ಬಾಯಿಬಿಟ್ಟೆ: "ಅವತ್ತು ಸುಳ್ಳು ಬರೆದೆ ತಂಗೀ. ನಗುತ್ತಾರೆಂದು ಹೆದರಿದೆ. ತಪ್ಪಾಯಿತು."